ಆ್ಯಪ್ ಟೆಸ್ಟ್ ಮಾಡಿ ಹಣ ಗಳಿಸುವುದು: ಮೂರು ದಾರಿಗಳಲ್ಲಿ ನಿಮಗೆ ಯಾವುದು ಒಗ್ಗುತ್ತದೆ?

‘ಆ್ಯಪ್ ಬಳಸಿ ನೋಡಿ, ಅನಿಸಿದ್ದು ಹೇಳಿ, ಹಣ ಪಡೆಯಿರಿ’ ಎನ್ನುವ ಜಾಹೀರಾತು ನೋಡಿದವರಿಗೆ ಇದೆಲ್ಲ ಒಂದೇ ಕೆಲಸ ಅನಿಸುತ್ತದೆ. ಒಳಗೆ ಹೋಗಿ ನೋಡಿದರೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದರಲ್ಲಿ ಆ್ಯಪ್ ಬಳಸುತ್ತಾ ಬಾಯಿಬಿಟ್ಟು ಮಾತಾಡಬೇಕು. ಇನ್ನೊಂದರಲ್ಲಿ ತಪ್ಪು ಹುಡುಕಿ, ಅದನ್ನು ನೀಟಾಗಿ ಬರೆದು ಕೊಡಬೇಕು. ಮೂರನೆಯದರಲ್ಲಿ ನಿಮ್ಮ ಉದ್ಯೋಗದ ಅನುಭವವನ್ನು ವಿಡಿಯೊ ಕರೆಯಲ್ಲಿ ಹೇಳಬೇಕು. ಮೂರಕ್ಕೂ ಹಣ ಬರುವ ರೀತಿ ಬೇರೆ, ಬೇಕಾದ ಗುಣ ಬೇರೆ, ಬೇಸರ ತರಿಸುವ ಸಂಗತಿಯೂ ಬೇರೆ.

ತಮಗೆ ಹೊಂದದ ದಾರಿ ಹಿಡಿದು, ಸ್ವಲ್ಪ ದಿನದಲ್ಲೇ ‘ಇದೆಲ್ಲ ಸುಳ್ಳು’ ಅಂತ ಕೈಬಿಡುವವರು ಬಹಳ ಜನ. ಅವರಲ್ಲಿ ಎಷ್ಟೋ ಮಂದಿಗೆ ಪಕ್ಕದ ದಾರಿ ಚೆನ್ನಾಗಿ ಒಗ್ಗುತ್ತಿತ್ತು. ಅದಕ್ಕೇ ‘ಯಾವ ಸೈಟ್ ಜಾಸ್ತಿ ಕೊಡುತ್ತದೆ’ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ‘ನನ್ನ ಹತ್ತಿರ ಇರುವ ಯಾವುದಕ್ಕೆ ಅವರು ದುಡ್ಡು ಕೊಡುತ್ತಾರೆ’ ಅಂತ ಕೇಳಿಕೊಳ್ಳಿ. ಅಲ್ಲಿಂದ ಹೊರಟರೆ ಆಯ್ಕೆ ಸುಲಭವಾಗುತ್ತದೆ.

ಕೆಲಸ ಯಾಕೆ ಯಾವಾಗಲೂ ಸಿಗುವುದಿಲ್ಲ

ಇದು ತಿಂಗಳ ಸಂಬಳದ ಜಾಗ ತುಂಬುವ ಕೆಲಸ ಅಲ್ಲ. ಅದಕ್ಕೆ ಕಾರಣವೂ ಇದೆ. ಬಳಕೆದಾರರ ಮೇಲೆ ವಿನ್ಯಾಸ ಪರೀಕ್ಷಿಸುವ ವಿಷಯದಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲಿ ಒಂದು ಲೇಖನ ಬರೆದರು. ಐದೇ ಜನರ ಮೇಲೆ ಪರೀಕ್ಷೆ ಮಾಡಿದರೆ ಸುಮಾರು 85% ತೊಡಕುಗಳು ಕಣ್ಣಿಗೆ ಬೀಳುತ್ತವೆ ಎಂಬುದು ಅದರ ಸಾರ. ಅವರೂ ಟಾಮ್ ಲ್ಯಾಂಡಾವರ್ ಅವರೂ 1993ರಲ್ಲಿ ಮಂಡಿಸಿದ್ದ ಲೆಕ್ಕವೇ ಇದರ ಆಧಾರ. ಒಬ್ಬ ಬಳಕೆದಾರನಿಂದ ಸರಾಸರಿ 31% ತೊಡಕು ಗೊತ್ತಾಗುತ್ತದೆ. ಆಮೇಲೆ ಬರುವ ಒಬ್ಬೊಬ್ಬರಿಂದಲೂ ಸಿಗುವ ಹೊಸ ಸಂಗತಿ ಕಡಿಮೆಯಾಗುತ್ತಾ ಹೋಗುತ್ತದೆ. ಈ ಲೆಕ್ಕ ಎಲ್ಲ ಕಡೆಯೂ ಹೊಂದುವುದಿಲ್ಲ ಎಂದು ವಾದಿಸಿದವರೂ ಇದ್ದಾರೆ. ಆದರೂ ಕಂಪನಿಗಳ ಅಭ್ಯಾಸ ಇದರ ಸುತ್ತಲೇ ಬೆಳೆದಿದೆ.

ನಿಮ್ಮ ಜೇಬಿಗೆ ಇದರ ಅರ್ಥ ಏನು? ಒಂದು ಆ್ಯಪ್‌ಗೆ ಬೇಕಾದವರು ಐದು, ಎಂಟು, ಹೆಚ್ಚೆಂದರೆ ಹದಿನೈದು ಜನ. ನೋಂದಾಯಿಸಿಕೊಂಡು ಕಾಯುತ್ತಿರುವವರು ಸಾವಿರಾರು. ಹಾಗಾಗಿ ಇಲ್ಲಿ ಆದಾಯವನ್ನು ನಿರ್ಧರಿಸುವುದು ಒಂದು ಟೆಸ್ಟ್‌ನ ದರಕ್ಕಿಂತ ಹೆಚ್ಚಾಗಿ, ಆ ಟೆಸ್ಟ್ ನಿಮಗೆ ಸಿಗುತ್ತದೋ ಇಲ್ಲವೋ ಎಂಬುದು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 20 ನಿಮಿಷದ ಟೆಸ್ಟ್‌ಗೆ 10 ಡಾಲರ್ ಎಂದರೆ ಗಂಟೆಗೆ 30 ಡಾಲರ್ ಆಯಿತು ಅನಿಸುತ್ತದೆ. ಆದರೆ ಆ ಒಂದು ಟೆಸ್ಟ್ ಸಿಗುವ ಮೊದಲು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸುತ್ತಾ 40 ನಿಮಿಷ ಹೋಗಿದ್ದರೆ, ನಿಮ್ಮ ಗಂಟೆಯ ಗಳಿಕೆ 10 ಡಾಲರ್ ಮಾತ್ರ. ಯಾವ ಸೈಟ್ ಹೋಲಿಸುವಾಗಲೂ ಈ ಎರಡನೇ ಸಂಖ್ಯೆಯನ್ನೇ ಹಿಡಿಯಿರಿ. ಜಾಹೀರಾತುಗಳಲ್ಲಿ ಕಾಣುವುದು ಮೊದಲನೆಯದು ಮಾತ್ರ.

ಮಾತಾಡುತ್ತಾ ಬಳಸುವ ಟೆಸ್ಟ್

ಹೊಸಬರಿಗೆ ಮೊದಲು ಎದುರಾಗುವುದು ಇದೇ. ಯೂಸರ್‌ಟೆಸ್ಟಿಂಗ್, ಯೂಸರ್‌ಲಿಟಿಕ್ಸ್, ಟ್ರೈಮಾಟಾ, ಯೂಸರ್‌ಬ್ರೈನ್, ಯೂಸರ್‌ಫೀಲ್ ಎಲ್ಲವೂ ಈ ಗುಂಪಿಗೆ ಸೇರಿದವು. ಪರದೆ ಮತ್ತು ದನಿ ರೆಕಾರ್ಡ್ ಆಗುತ್ತದೆ. ‘ಈ ಆ್ಯಪ್‌ನಲ್ಲಿ ಒಂದು ಟಿಕೆಟ್ ಬುಕ್ ಮಾಡಿ’ ಎನ್ನುವಂಥ ಕೆಲಸ ಕೊಡುತ್ತಾರೆ. ಮಾಡುತ್ತಾ ಮನಸ್ಸಿನಲ್ಲಿ ಓಡುವುದನ್ನೆಲ್ಲ ಗಟ್ಟಿಯಾಗಿ ಹೇಳಬೇಕು. ಈ ಪದ್ಧತಿ ಹೊಸದೇನಲ್ಲ. ಮನಶ್ಶಾಸ್ತ್ರದಲ್ಲಿ ಮೊದಲಿನಿಂದ ಇದ್ದದ್ದನ್ನು 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ಕಂಪ್ಯೂಟರ್ ವಿನ್ಯಾಸದ ಪರೀಕ್ಷೆಗೆ ತಂದರು.

ದರಗಳ ವಿಷಯ. 20 ನಿಮಿಷದ ಟೆಸ್ಟ್‌ಗೆ 10 ಡಾಲರ್ ಎಂಬ ದರದಿಂದಲೇ ಯೂಸರ್‌ಟೆಸ್ಟಿಂಗ್ ಹೆಸರಾಯಿತು. ಚಿಕ್ಕ ಟೆಸ್ಟ್‌ಗಳಿಗೆ ಕಡಿಮೆ, ನೇರ ಸಂಭಾಷಣೆಗೆ ಜಾಸ್ತಿ. ಎಷ್ಟು ಎಂಬುದು ಟೆಸ್ಟ್ ಒಪ್ಪಿಕೊಳ್ಳುವ ಮೊದಲೇ ಕಾಣುತ್ತದೆ. ಯೂಸರ್‌ಬ್ರೈನ್‌ನಲ್ಲಿ ಒಂದು ಟೆಸ್ಟ್‌ಗೆ 5 ಡಾಲರ್. ಯೂಸರ್‌ಫೀಲ್‌ನಲ್ಲಿ ಉದ್ದಕ್ಕೆ ತಕ್ಕಂತೆ 3ರಿಂದ 30 ಡಾಲರ್. ಯೂಸರ್‌ಲಿಟಿಕ್ಸ್ 5ರಿಂದ 90 ಡಾಲರ್‌ವರೆಗೆ ಎನ್ನುತ್ತದೆ, ಆದರೆ ಆ ಮೇಲಿನ ತುದಿ ಉದ್ದದ, ವಿಶೇಷ ಅರ್ಹತೆ ಬೇಡುವ ಅಧ್ಯಯನಗಳಿಗೆ. ಸಾಮಾನ್ಯವಾಗಿ ಕೈಗೆ ಬರುವುದು ಕೆಳಗಿನ ತುದಿಯದ್ದು.

ದರಕ್ಕಿಂತ ನೋಡಬೇಕಾದ ವ್ಯತ್ಯಾಸ ಇನ್ನೊಂದಿದೆ, ಅದು ಟೆಸ್ಟ್ ಹೇಗೆ ಹಂಚುತ್ತಾರೆ ಎಂಬುದು. ಯೂಸರ್‌ಟೆಸ್ಟಿಂಗ್‌ನಂಥ ದೊಡ್ಡ ಕಡೆ ಟೆಸ್ಟ್‌ಗಳು ಜಾಸ್ತಿ ಬರುತ್ತವೆ, ಪ್ರತಿಯೊಂದಕ್ಕೂ ಸ್ಕ್ರೀನರ್, ಅಂದರೆ ಯಾರನ್ನು ಒಳಗೆ ಬಿಡಬೇಕು ಎಂದು ಆರಿಸುವ ಪ್ರಶ್ನೆಗಳೂ ಇರುತ್ತವೆ. ‘ಕಳೆದ ಆರು ತಿಂಗಳಲ್ಲಿ ಕಾರು ವಿಮೆ ತೆಗೆದುಕೊಂಡಿದ್ದೀರಾ?’ ಅಂತ ಕೇಳುತ್ತಾರೆ. ಇಲ್ಲ ಎಂದ ಕೂಡಲೇ ಬಾಗಿಲು ಮುಚ್ಚುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಅನುಭವ ಇಲ್ಲಿ ದಿನನಿತ್ಯದ್ದು. ಸ್ಕ್ರೀನರ್‌ಗೆ ಕಳೆದ ಸಮಯಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಚಿಕ್ಕ ಸೈಟ್‌ಗಳಲ್ಲಿ ಪ್ರಶ್ನೆ ಕಡಿಮೆ, ಆದರೆ ಟೆಸ್ಟ್ ಬರುವುದೂ ಅಪರೂಪ. ಇಡೀ ದಿನ ಕಂಪ್ಯೂಟರ್ ಮುಂದೆ ಇರುವವರಿಗೆ ದೊಡ್ಡ ಸೈಟ್ ಲಾಭ, ಯಾಕೆಂದರೆ ಟೆಸ್ಟ್ ಬಂದ ನಿಮಿಷದಲ್ಲೇ ಹಿಡಿಯಬಹುದು. ಸಂಜೆ ಮಾತ್ರ ಬಿಡುವಿರುವವರು ಮೂರು ನಾಲ್ಕು ಚಿಕ್ಕ ಸೈಟ್‌ಗಳಲ್ಲಿ ಹೆಸರಿಟ್ಟು, ಇಮೇಲ್ ಬಂದಾಗ ಮಾಡುವುದು ಮೇಲು.

ಸ್ಕ್ರೀನರ್‌ನಲ್ಲಿ ಸುಳ್ಳು ಹೇಳಬಾರದು, ಇದನ್ನು ಒತ್ತಿ ಹೇಳುತ್ತೇನೆ. ವಿಮೆ ತೆಗೆದುಕೊಳ್ಳದವರು ತೆಗೆದುಕೊಂಡೆ ಅಂತ ಒಳಗೆ ಹೋದರೆ ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ವಿಡಿಯೊ ನೋಡುವವರಿಗೆ ಅದು ಗೊತ್ತಾಗುತ್ತದೆ. ರೇಟಿಂಗ್ ಬೀಳುತ್ತದೆ, ಆಮೇಲೆ ಬರುವ ಟೆಸ್ಟ್‌ಗಳೂ ಕಡಿಮೆಯಾಗುತ್ತವೆ, ಖಾತೆಯೂ ಹೋಗಬಹುದು. ಅದಕ್ಕಿಂತ ಮುಖ್ಯ ವಿಷಯ, ನಿಮ್ಮ ಮಾತು ನಂಬಿ ಯಾರೋ ಒಂದು ಆ್ಯಪ್ ಬದಲಿಸುತ್ತಾರೆ. ಆಮೇಲೆ ಅದನ್ನು ಬಳಸುವವರಲ್ಲಿ ಕಣ್ಣು ಮಂಜಾದ ಹಿರಿಯರೂ ಇರುತ್ತಾರೆ, ಮೊದಲ ಸಲ ಫೋನ್ ಹಿಡಿದವರೂ ಇರುತ್ತಾರೆ.

ಒಳ್ಳೆಯ ಫೀಡ್‌ಬ್ಯಾಕ್ ಎಂದರೆ ಏನು ಅನ್ನುವುದು ತುಂಬಾ ಜನರಿಗೆ ಸ್ಪಷ್ಟವಿರುವುದಿಲ್ಲ. ‘ಈ ಪುಟ ಚೆನ್ನಾಗಿದೆ’, ‘ಬಣ್ಣ ಇಷ್ಟವಾಗಲಿಲ್ಲ’ ಎಂಬ ಮಾತಿನಿಂದ ವಿನ್ಯಾಸಕಾರರಿಗೆ ಏನೂ ಸಿಗುವುದಿಲ್ಲ. ‘ಇಲ್ಲಿ ಮುಂದೆ ಅಂತ ಒಂದು ಬಟನ್ ಇದೆ. ಒತ್ತಿದರೆ ಹಣ ಕಟ್ ಆಗುತ್ತದೋ, ವಿಳಾಸ ಕೇಳುತ್ತದೋ ಗೊತ್ತಾಗುತ್ತಿಲ್ಲ. ಅದಕ್ಕೇ ಒತ್ತಲು ಹೆದರಿಕೆ’ ಎಂದು ಹೇಳಿದರೆ ಅದು ಚಿನ್ನದಂಥ ಮಾಹಿತಿ. ಏನು ಹುಡುಕುತ್ತಿದ್ದೀರಿ, ಏನಾಗುತ್ತದೆ ಅಂತ ಅಂದುಕೊಂಡಿರಿ, ನಿಜವಾಗಿ ಏನಾಯಿತು, ಈ ಮೂರನ್ನು ಹೇಳುತ್ತಾ ಹೋಗಿ. ಸುಮ್ನೆ ಇರುವುದು ಇಲ್ಲಿ ದೊಡ್ಡ ದೋಷ. ಆ್ಯಪ್‌ನಲ್ಲಿ ದಾರಿ ತಪ್ಪಿದರೆ ನಾಚಿಕೆ ಪಡಬೇಕಾಗಿಲ್ಲ, ಎಲ್ಲಿ ತಪ್ಪಿದಿರಿ ಎಂಬುದನ್ನು ನೋಡಲೆಂದೇ ಅವರು ಹಣ ಕೊಡುತ್ತಿರುವುದು.

ಭಾಷೆಯ ಅಡ್ಡಿ ನಿಜ. ಹೆಚ್ಚಿನ ಟೆಸ್ಟ್‌ಗಳು ಇಂಗ್ಲಿಷ್‌ನಲ್ಲೇ ಇರುತ್ತವೆ. ಉಚ್ಚಾರಣೆ ಹೇಗಿದ್ದರೂ ನಡೆಯುತ್ತದೆ, ಆದರೆ ತಡೆಯಿಲ್ಲದೆ ಮಾತು ಹರಿಯಬೇಕು. ಯೂಸರ್‌ಫೀಲ್‌ನಂಥ ಕೆಲವು ಕಡೆ ಬೇರೆ ಭಾಷೆಗಳಲ್ಲೂ ಟೆಸ್ಟ್ ನಡೆಯುತ್ತವೆ. ಪ್ರೊಫೈಲ್‌ನಲ್ಲಿ ನಿಮಗೆ ಬರುವ ಎಲ್ಲ ಭಾಷೆಗಳನ್ನೂ ಹಾಕಿ. ಯಾರಿಗೂ ಬೇಡ ಅಂದುಕೊಂಡ ಭಾಷೆಗೆ ಒಂದು ದಿನ ಬೇಡಿಕೆ ಬಂದರೆ, ಆಗ ಸ್ಪರ್ಧೆಯೇ ಇರುವುದಿಲ್ಲ.

ಬಗ್ ಹುಡುಕುವ ಕೆಲಸ

ಮಾತಾಡಲು ಹಿಂಜರಿಕೆ, ಆದರೆ ಸಣ್ಣ ತಪ್ಪೂ ಕಣ್ಣಿಗೆ ಚುಚ್ಚುತ್ತದೆ ಅನ್ನುವವರಿಗೆ ಈ ದಾರಿ. ಬಗ್ ಎಂದರೆ ಆ್ಯಪ್‌ನಲ್ಲಿರುವ ದೋಷ. ಇಂಥ ಕೆಲಸ ಕೊಡುವ ಯೂಟೆಸ್ಟ್ 2007ರಲ್ಲಿ ಶುರುವಾಯಿತು, ಅದರ ಕಂಪನಿಯ ಹೆಸರು ಈಗ ಅಪ್ಲಾಸ್. ಬರ್ಲಿನ್‌ನಲ್ಲಿ ಹುಟ್ಟಿದ ಟೆಸ್ಟ್ ಐಒ ಸಂಸ್ಥೆಯನ್ನು 2019ರಲ್ಲಿ ಎಪಾಮ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡುಕೊಂಡಿತು. ಮ್ಯೂನಿಕ್‌ನ ಟೆಸ್ಟ್‌ಬರ್ಡ್ಸ್, ಎಸ್ಟೋನಿಯಾ ಮೂಲದ ಟೆಸ್ಟ್‌ಲಿಯೊ ಕೂಡ ಇದೇ ಸಾಲಿನವು.

ಹಣದ ರೀತಿ ಇಲ್ಲಿ ಪೂರಾ ಬೇರೆ. ಯೂಟೆಸ್ಟ್ ಮತ್ತು ಟೆಸ್ಟ್ ಐಒನಲ್ಲಿ ಒಪ್ಪಿಗೆಯಾದ ಬಗ್‌ಗೆ ಹಣ. ಬಗ್ ಎಷ್ಟು ಗಂಭೀರ ಎಂಬುದರ ಮೇಲೆ ಮೊತ್ತ. ಹಣ ಪಾವತಿಯೇ ನಿಂತುಹೋಗುವ ದೋಷಕ್ಕೂ, ಒಂದು ಪದದ ಕಾಗುಣಿತ ತಪ್ಪಿಗೂ ಒಂದೇ ಬೆಲೆ ಇರುವುದಿಲ್ಲ. ಟೆಸ್ಟ್ ಕೇಸ್‌ಗಳನ್ನು, ಅಂದರೆ ಕೊಟ್ಟ ಹಂತಗಳನ್ನು ಒಂದೊಂದಾಗಿ ಮಾಡಿ ಫಲಿತಾಂಶ ಬರೆಯುವುದನ್ನು ಪೂರ್ತಿ ಮಾಡಿದರೂ ಹಣ ಬರುತ್ತದೆ. ಟೆಸ್ಟ್‌ಲಿಯೊದಲ್ಲಿ ಹೆಚ್ಚಾಗಿ ಗಂಟೆಯ ಲೆಕ್ಕ. ಆದರೆ ಅಲ್ಲಿ ಒಳಗೆ ಬಿಡುವ ಮೊದಲೇ ಅನುಭವ ನೋಡುತ್ತಾರೆ.

ಒಪ್ಪಿಗೆಯಾದ ಬಗ್‌ಗೆ ಮಾತ್ರ ಹಣ ಎಂಬುದರ ಇನ್ನೊಂದು ಮುಖವೂ ಗೊತ್ತಿರಲಿ. ಎರಡು ಗಂಟೆ ಹುಡುಕಿ ಏನೂ ಸಿಗದಿರಬಹುದು. ಸಿಕ್ಕಿದ್ದನ್ನು ನಿಮಗಿಂತ ಹತ್ತು ನಿಮಿಷ ಮೊದಲು ಬೇರೆಯವರು ಬರೆದಿದ್ದರೆ ನಿಮ್ಮದು ಡ್ಯೂಪ್ಲಿಕೇಟ್, ಅದಕ್ಕೆ ಹಣವಿಲ್ಲ. ಟೆಸ್ಟ್ ಐಒನಲ್ಲಿ ಬೇರೆಯವರ ಬಗ್ ನಿಮ್ಮ ಫೋನ್‌ನಲ್ಲೂ ಬರುತ್ತದೆಯೇ ಎಂದು ನೋಡಿ ಹೇಳಿದರೆ ಸಣ್ಣ ಮೊತ್ತ ಸಿಗುತ್ತದೆ. ಶುರುವಿನಲ್ಲಿ ಅದರಿಂದ ಕಲಿಯುವುದೂ ಜಾಸ್ತಿ.

ಹೊಸಬರ ರಿಪೋರ್ಟ್‌ಗಳು ತಿರಸ್ಕಾರವಾಗುವುದು ಹೆಚ್ಚಾಗಿ ಬರವಣಿಗೆಯಿಂದ. ‘ಕಾರ್ಟ್ ಕೆಲಸ ಮಾಡುತ್ತಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಲಾಗಿನ್ ಆಗಿ, ಕಾರ್ಟ್‌ಗೆ ಎರಡು ವಸ್ತು ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಿಸಿ, ಕಾರ್ಟ್‌ಗೆ ಹಿಂತಿರುಗಿದೆ. ಎರಡು ವಸ್ತು ಇರಬೇಕಿತ್ತು, ಕಾರ್ಟ್ ಖಾಲಿಯಾಗಿದೆ. ಐದು ಸಲ ಮಾಡಿದಾಗ ಐದೂ ಸಲ ಹೀಗೇ ಆಯಿತು’ ಎಂದು ಬರೆದು, ಫೋನ್ ಮಾದರಿ, ಓಎಸ್ ಆವೃತ್ತಿ, ಸ್ಕ್ರೀನ್ ರೆಕಾರ್ಡಿಂಗ್ ಸೇರಿಸಿದರೆ ಅದನ್ನು ತಳ್ಳಿಹಾಕುವುದು ಕಷ್ಟ. ಕೋಡ್ ಬರೆಯಲು ಬರಬೇಕಾಗಿಲ್ಲ. ಒಂದೇ ಕೆಲಸವನ್ನು ಬೇಸರವಿಲ್ಲದೆ ಹತ್ತು ಸಲ ಮಾಡುವ ತಾಳ್ಮೆ ಬೇಕು.

ಇಲ್ಲಿ ಹಳೆಯ ಫೋನ್‌ಗೂ ಬೆಲೆ ಇದೆ. ಕಂಪನಿಗಳ ಒಳಗೆ ಪರೀಕ್ಷೆ ನಡೆಯುವುದು ಕೆಲವೇ ಮಾದರಿಗಳ ಮೇಲೆ. ಹೊರಗಿನ ಟೆಸ್ಟರ್‌ಗಳನ್ನು ಕರೆಯುವುದೇ ಉಳಿದ ಮಾದರಿಗಳಿಗಾಗಿ. ಮೂಲೆಯಲ್ಲಿಟ್ಟ ಟ್ಯಾಬ್, ಸ್ಮಾರ್ಟ್ ಟಿವಿ, ಸ್ಮಾರ್ಟ್ ವಾಚ್ ಎಲ್ಲವನ್ನೂ ಪ್ರೊಫೈಲ್‌ನಲ್ಲಿ ನಮೂದಿಸಿ. ಸುಮಾರು ಆಹ್ವಾನಗಳು ಬರುವುದೇ ಆ ಪಟ್ಟಿ ನೋಡಿ.

ಯೂಟೆಸ್ಟ್‌ನಲ್ಲಿ ಅಕಾಡೆಮಿ ಎಂಬ ಉಚಿತ ಕಲಿಕೆಯ ಭಾಗವಿದೆ. ಅದನ್ನು ಬಿಟ್ಟು ನೇರ ಟೆಸ್ಟ್‌ಗೆ ಧುಮುಕಬೇಡಿ. ಕೆಲಸ ಚೆನ್ನಾಗಿ ಮಾಡಿದವರಿಗೆ ರೇಟಿಂಗ್ ಏರುತ್ತದೆ, ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ. ಆಹ್ವಾನಗಳೂ ಅದಕ್ಕೆ ತಕ್ಕಂತೆ ಹೆಚ್ಚುತ್ತವೆ. ಮಾತಾಡುವ ಟೆಸ್ಟ್‌ನಲ್ಲಿ ಈ ಏರಿಕೆ ಇಲ್ಲ ಎನ್ನಬಹುದು. ಅಲ್ಲಿ ನೂರನೇ ಟೆಸ್ಟ್‌ಗೂ ಮೊದಲನೆಯದಕ್ಕೂ ಹೆಚ್ಚುಕಡಿಮೆ ಅದೇ ದರ. ಬಗ್ ಹುಡುಕುವ ಕೆಲಸದಲ್ಲಿ ಕಲಿತದ್ದು ಮುಂದೆ ಸಾಫ್ಟ್‌ವೇರ್ ಟೆಸ್ಟಿಂಗ್ ಉದ್ಯೋಗಕ್ಕೆ ಅರ್ಜಿ ಹಾಕುವಾಗಲೂ ನೆರವಾಗುತ್ತದೆ. ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ನಾನು ಎರಡು ಮಾತಿಲ್ಲದೆ ಇದನ್ನೇ ಹೇಳುತ್ತೇನೆ, ಶುರುವಿನ ತಿಂಗಳುಗಳಲ್ಲಿ ಗಳಿಕೆ ಕಡಿಮೆ ಇದ್ದರೂ.

ಅನುಭವ ಇದ್ದವರಿಗೆ: ಸಂದರ್ಶನಗಳು

ರೆಸ್ಪಾಂಡೆಂಟ್, ಯೂಸರ್ ಇಂಟರ್‌ವ್ಯೂಸ್ ಇವು ಸಂಶೋಧಕರನ್ನೂ ಜನರನ್ನೂ ಸೇರಿಸುವ ಸೈಟ್‌ಗಳು. 30ರಿಂದ 60 ನಿಮಿಷದ ವಿಡಿಯೊ ಕರೆ. ಕೆಲವೊಮ್ಮೆ ಇನ್ನೂ ಬಿಡುಗಡೆಯಾಗದ ಆ್ಯಪ್‌ನ ಮಾದರಿ ತೋರಿಸಿ ಪ್ರಶ್ನೆ ಕೇಳುತ್ತಾರೆ. ವೈದ್ಯರು, ಲೆಕ್ಕಪರಿಶೋಧಕರು, ಐಟಿ ಮ್ಯಾನೇಜರ್‌ಗಳು, ಸರಕು ಸಾಗಣೆ ನೋಡಿಕೊಳ್ಳುವವರು, ಇಂಥವರನ್ನು ಹುಡುಕುವ ಅಧ್ಯಯನಗಳಲ್ಲಿ ಗಂಟೆಗೆ 100 ಡಾಲರ್ ದಾಟುವುದು ಅಪರೂಪವೇನಲ್ಲ. ಸಾಮಾನ್ಯ ಬಳಕೆದಾರರಿಗೆ ಅದಕ್ಕಿಂತ ಬಹಳ ಕಡಿಮೆ.

ಆದರೆ ಹತ್ತಾರು ಅರ್ಜಿ ಹಾಕಿದರೆ ಒಂದು ಒಲಿಯಬಹುದು. ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕದಂಥ ಕೆಲವೇ ದೇಶಗಳವರಿಗೆ ಮೀಸಲು. ಅರ್ಜಿ ಹಾಕುವ ಮೊದಲು ದೇಶದ ಷರತ್ತು ನೋಡಿಬಿಡಿ. ಉದ್ಯೋಗದ ವಿವರ ಖಚಿತಪಡಿಸಲು ಲಿಂಕ್ಡ್‌ಇನ್ ಖಾತೆ ಅಥವಾ ಕಚೇರಿಯ ಇಮೇಲ್ ಕೇಳಬಹುದು. ಇಲ್ಲಿ ಒಂದು ಎಚ್ಚರ ಬೇಕು: ನಿಮ್ಮ ಕಂಪನಿಯ ಗುಟ್ಟನ್ನು ಮಾತಿನ ಭರದಲ್ಲಿ ಹೇಳಿಬಿಟ್ಟರೆ ಕೆಲಸಕ್ಕೇ ಕುತ್ತು. ಉದ್ಯೋಗದ ಒಪ್ಪಂದದಲ್ಲಿ ಇಂಥ ಹೊರಗಿನ ಗಳಿಕೆಗೆ ಅನುಮತಿ ಇದೆಯೇ ಎಂದೂ ಓದಿಕೊಳ್ಳಿ.

ಇವೂ ಟೆಸ್ಟಿಂಗ್ ಎನಿಸುತ್ತವೆ

ಬಿಡುಗಡೆಗೆ ಮೊದಲು ಆ್ಯಪ್ ಬಳಸಿ ನೋಡಲು ಕೊಡುವ ಆ್ಯಪಲ್‌ನ ಟೆಸ್ಟ್‌ಫ್ಲೈಟ್ ಮೂಲಕ ಒಂದು ಆ್ಯಪ್‌ಗೆ 10,000 ಜನರವರೆಗೆ ಹೊರಗಿನ ಟೆಸ್ಟರ್‌ಗಳನ್ನು ಸೇರಿಸಿಕೊಳ್ಳಬಹುದು. ಅವರಲ್ಲಿ ಹಣ ಪಡೆಯುವವರು ಇಲ್ಲವೆಂದರೂ ನಡೆಯುತ್ತದೆ. ಇಷ್ಟದ ಆ್ಯಪ್‌ನ ಹೊಸ ರೂಪ ಮೊದಲೇ ನೋಡುವ ಖುಷಿಗೆ ಮಾಡಿ, ಗಳಿಕೆಗೆ ಬೇಡ.

ಗೂಗಲ್ ಪ್ಲೇ ಒಂದು ನಿಯಮ ತಂದಿದೆ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮೊದಲು ಮುಚ್ಚಿದ ಪರೀಕ್ಷೆ, ಅಂದರೆ ಆಯ್ದ ಜನರಿಗೆ ಮಾತ್ರ ಕೊಟ್ಟು ನೋಡುವ ಪರೀಕ್ಷೆ ನಡೆಸಬೇಕು. ಮೊದಲು 20 ಟೆಸ್ಟರ್‌ಗಳು ಬೇಕಿತ್ತು, 2024ರ ಕೊನೆಗೆ ಅದನ್ನು 12ಕ್ಕೆ ಇಳಿಸಿದರು. ಅವರು ಬಿಡದೆ 14 ದಿನ ಪರೀಕ್ಷೆಯಲ್ಲಿರಬೇಕು. ಇದರಿಂದ ‘ಆ್ಯಪ್ ಹಾಕಿಕೊಂಡು 14 ದಿನ ಇಟ್ಟುಕೊಳ್ಳಿ, ಹಣ ಕೊಡುತ್ತೇವೆ’ ಎನ್ನುವ ಸಣ್ಣ ಕೆಲಸಗಳು ಹುಟ್ಟಿವೆ. ಮೊತ್ತ ತೀರಾ ಚಿಕ್ಕದು. ಅಪರಿಚಿತರ ಆ್ಯಪ್ ಎರಡು ವಾರ ನಿಮ್ಮ ಫೋನ್‌ನಲ್ಲಿರುತ್ತದೆ. ಎಸ್‌ಎಂಎಸ್ ಓದುವ, ಪರದೆಯ ಮೇಲೆ ಹಿಡಿತ ಸಾಧಿಸುವ ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ.

ಹ್ಯಾಕರ್‌ಒನ್, ಬಗ್‌ಕ್ರೌಡ್‌ನಲ್ಲಿ ಸಾವಿರಾರು ಡಾಲರ್ ಬಹುಮಾನದ ಸುದ್ದಿ ಓದಿರುತ್ತೀರಿ. ಅದು ಭದ್ರತೆಯ ಲೋಪ ಹುಡುಕುವ ಕೆಲಸ, ಅದಕ್ಕೆ ವರ್ಷಗಳ ಕಲಿಕೆ ಬೇಕು.

ಟೆಸ್ಟಿಂಗ್ ಹೆಸರಿನ ಮೋಸ

ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಂನಲ್ಲಿ ತಾನಾಗಿಯೇ ಒಂದು ಸಂದೇಶ ಬರುತ್ತದೆ. ‘ಆ್ಯಪ್‌ಗಳನ್ನು ಆಪ್ಟಿಮೈಸ್ ಮಾಡುವ’ ಸುಲಭ ಕೆಲಸ ಅನ್ನುತ್ತಾರೆ. ಬಟನ್ ಒತ್ತುತ್ತಾ ಹೋದಂತೆ ಪರದೆಯ ಮೇಲೆ ಗಳಿಕೆ ಏರುತ್ತದೆ. ಮೊದಲು ಸ್ವಲ್ಪ ಹಣ ನಿಜವಾಗಿಯೂ ಕೊಡುತ್ತಾರೆ. ನಂಬಿಕೆ ಬಂದ ಮೇಲೆ, ಮುಂದಿನ ಹಂತಕ್ಕೆ ಹೋಗಲು ನೀವೇ ಹಣ ಹಾಕಬೇಕು ಎನ್ನುತ್ತಾರೆ, ಹೆಚ್ಚಾಗಿ ಕ್ರಿಪ್ಟೊ ರೂಪದಲ್ಲಿ. ಹಾಕಿದ್ದು ವಾಪಸ್ ಬರುವುದಿಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಇಂಥ ಟಾಸ್ಕ್ ಮೋಸದ ದೂರುಗಳು 2020ರಲ್ಲಿ ಒಂದೂ ಬಂದಿರಲಿಲ್ಲ. 2023ರಲ್ಲಿ 5,000 ಬಂದವು. 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000.

ಇದನ್ನು ಪತ್ತೆ ಹಚ್ಚಲು ಒಂದೇ ಪ್ರಶ್ನೆ ಸಾಕು. ನಿಮ್ಮ ಅಭಿಪ್ರಾಯ ಯಾರಾದರೂ ಕೇಳಿದರೇ? ನಿಜವಾದ ಟೆಸ್ಟಿಂಗ್‌ನಲ್ಲಿ ನಿಮ್ಮ ಮಾತನ್ನೋ ಬರಹವನ್ನೋ ಒಬ್ಬರು ಕೂತು ನೋಡುತ್ತಾರೆ. ಬರೀ ಒತ್ತುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಸೇರಲು ಶುಲ್ಕ, ಕಿಟ್‌ಗೆ ಹಣ, ಗಳಿಕೆ ಬಿಡಿಸಿಕೊಳ್ಳಲು ತೆರಿಗೆ ಮುಂಗಡ ಅಂದರೂ ಅದೇ ಕಥೆ. ಐದು ಸ್ಟಾರ್ ರಿವ್ಯೂ ಬರೆದರೆ ಹಣ ಎನ್ನುವುದೂ ಟೆಸ್ಟಿಂಗ್ ಅಲ್ಲ. ಅದು ಆ್ಯಪ್ ಸ್ಟೋರ್‌ಗಳ ನಿಯಮಕ್ಕೆ ವಿರುದ್ಧ, ಓದುವವರಿಗೆ ಮಾಡುವ ದ್ರೋಹವೂ ಹೌದು.

ಹಾಗಾದರೆ ಎಲ್ಲಿಂದ ಶುರು ಮಾಡುವುದು

ಇಂಗ್ಲಿಷ್ ಸರಾಗ, ಮನೆಯಲ್ಲಿ ಅರ್ಧ ಗಂಟೆ ಗಲಾಟೆಯಿಲ್ಲದ ಜಾಗ ಸಿಗುತ್ತದೆ ಅಂದರೆ ಮಾತಾಡುವ ಟೆಸ್ಟ್. ದೊಡ್ಡ ಸೈಟ್ ಒಂದು, ಚಿಕ್ಕವು ಎರಡು ಸಾಕು. ಪ್ರವೇಶದ ಟೆಸ್ಟ್ ಹೆಚ್ಚಿನ ಕಡೆ ಇರುತ್ತದೆ. ಅದನ್ನು ಅವಸರದಲ್ಲಿ ಮಾಡಬೇಡಿ, ಕೆಲವು ಕಡೆ ಎರಡನೇ ಅವಕಾಶವೇ ಇಲ್ಲ. ಮೈಕ್ ಮೊದಲೇ ಪರೀಕ್ಷಿಸಿಕೊಳ್ಳಿ.

ಬರವಣಿಗೆ ಇಷ್ಟ, ಒಟ್ಟಿಗೆ ಎರಡು ಮೂರು ಗಂಟೆ ಬಿಡುವು ಸಿಗುತ್ತದೆ ಅಂದರೆ ಬಗ್ ಹುಡುಕುವ ದಾರಿ. ಮಗು ಮಲಗಿದಾಗ ಸಿಗುವ ಇಪ್ಪತ್ತು ನಿಮಿಷಗಳಲ್ಲಿ ಇದು ಆಗುವುದಿಲ್ಲ, ಅಲ್ಲಿ ಮೊದಲನೆಯದೇ ಸರಿ. ಒಂದು ಉದ್ಯೋಗದಲ್ಲಿ ಹತ್ತು ವರ್ಷ ಪಳಗಿದವರು 5 ಡಾಲರ್‌ನ ಟೆಸ್ಟ್‌ಗಳಲ್ಲಿ ಸಂಜೆ ಕಳೆಯಬೇಡಿ. ವಾರಕ್ಕೆ ಎರಡು ಸಂದರ್ಶನದ ಅರ್ಜಿ ಹಾಕಿ, ಉಳಿದ ಹೊತ್ತು ನಿಮ್ಮದು.

ಕೆಲಸಕ್ಕೆ ಕೂರುವಾಗ ನೋಟಿಫಿಕೇಶನ್ ಆಫ್ ಮಾಡಿ. ಪರದೆ ರೆಕಾರ್ಡ್ ಆಗುವಾಗ ಬ್ಯಾಂಕಿನ ಸಂದೇಶ ಬಂದರೆ ಅದೂ ವಿಡಿಯೊದಲ್ಲಿ ಸೇರುತ್ತದೆ. ಟೆಸ್ಟ್‌ಗೆಂದೇ ಬೇರೆ ಇಮೇಲ್ ಇಟ್ಟುಕೊಳ್ಳಿ. ನಿಜವಾದ ಕಾರ್ಡ್ ಸಂಖ್ಯೆ ಹಾಕಿ ಎಂದು ಸೂಚನೆ ಬಂದರೆ ಬೆಂಬಲ ತಂಡವನ್ನು ಕೇಳದೆ ಮುಂದೆ ಹೋಗಬೇಡಿ. ನೋಡಿದ್ದನ್ನು ಗೆಳೆಯರಿಗೂ ಹೇಳುವಂತಿಲ್ಲ, ಗೋಪ್ಯತೆಯ ಒಪ್ಪಂದಕ್ಕೆ ಒಪ್ಪಿರುತ್ತೀರಿ.

ಹಣ ಬಹುತೇಕ ಕಡೆ ಪೇಪಾಲ್ ಮೂಲಕ ಬರುತ್ತದೆ, ಯೂಟೆಸ್ಟ್‌ನಂಥ ಕೆಲವು ಕಡೆ ಪೇಯೋನಿಯರ್ ಕೂಡ ಇದೆ. ನೋಂದಣಿಗೆ ಮೊದಲೇ ನಿಮ್ಮ ದೇಶದಲ್ಲಿ ಆ ಸೇವೆಗೆ ಬಂದ ಹಣವನ್ನು ಬ್ಯಾಂಕಿಗೆ ತರಬಹುದೇ ಎಂದು ಖಚಿತ ಮಾಡಿಕೊಳ್ಳಿ. ಡಾಲರ್ ಬದಲಿಸುವಾಗ ಒಂದಿಷ್ಟು ಕತ್ತರಿ ಬೀಳುತ್ತದೆ, 5 ಡಾಲರ್‌ನಂಥ ಚಿಕ್ಕ ಮೊತ್ತಕ್ಕೆ ಅದು ಜಾಸ್ತಿ ಅನಿಸುತ್ತದೆ. ಟೆಸ್ಟ್ ಮುಗಿದ ಒಂದೆರಡು ವಾರಕ್ಕೆ ಹಣ ಬರುವುದು ಸಾಮಾನ್ಯ. ದಿನಾಂಕ, ಸೈಟ್, ಮೊತ್ತ, ಸ್ಕ್ರೀನರ್ ಸೇರಿ ಕಳೆದ ಸಮಯ, ಇಷ್ಟನ್ನು ಒಂದು ಶೀಟ್‌ನಲ್ಲಿ ಬರೆದಿಡಿ. ತೆರಿಗೆ ಕಟ್ಟುವಾಗಲೂ ಅದು ಬೇಕು. ಎರಡು ತಿಂಗಳ ಬಳಿಕ ಯಾವ ಸೈಟ್ ಬಿಡಬೇಕು ಎಂಬುದಕ್ಕೂ ಉತ್ತರ ಅದೇ ಶೀಟ್‌ನಲ್ಲಿರುತ್ತದೆ.